ಮಗುವಿನ ಪಾದದ ಮೇಲಿನ ಹೊಸ ಬಣ್ಣ

ಹಳೆಯ ಚಿತ್ರಗಳ ಸಂರಕ್ಷಣೆ ಕಲಿಯುತ್ತಿರುವ ಹುಡುಗಿಯರು ಆಗಾಗ ನನ್ನ ಮನೆಗೆ ಬರುತ್ತಾರೆ. ಯಾವ ಮೆಷಿನ್ ಕಲಿಯಬೇಕು ಆಂಟಿ, ಯಾವ ಸಾಫ್ಟ್‌ವೇರ್ ಕಲಿಯಬೇಕು ಎಂದು ಕೇಳುತ್ತಾರೆ. ಮೆಷಿನ್ ಬೇಗ ಕಲಿಯಬಹುದು, ಅನುಮಾನ ಪಡುವುದನ್ನು ಕಲಿಯಲು ವರ್ಷಗಳು ಬೇಕು ಎನ್ನುತ್ತೇನೆ. ಅವರ ಮುಖ ಸಪ್ಪಗಾಗುತ್ತದೆ. ಕಾಫಿ ಕುಡಿಯುವಷ್ಟು ಹೊತ್ತಿನಲ್ಲಿ ಅದನ್ನು ವಿವರಿಸಲು ಆಗುವುದಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ನಾನು ಮೈಸೂರಿನವಳು. ತಂದೆ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರು. ನಮ್ಮ ಮನೆಯಲ್ಲಿ ಹಾಸಿಗೆ ಸುತ್ತಿಡುವುದಕ್ಕೂ ಶೀಟಿ ಊದುತ್ತಿದ್ದರು. ತೆಗೆದ ವಸ್ತು ತೆಗೆದ ಜಾಗಕ್ಕೇ ಹೋಗಬೇಕು, ಆಡಿದ ಮಾತಿಗೆ ಆಧಾರ ಇರಬೇಕು. ರಸಾಯನಶಾಸ್ತ್ರ ಓದಿ, ಒಂದು ವಸ್ತುಸಂಗ್ರಹಾಲಯದ ಪ್ರಯೋಗಾಲಯದಲ್ಲಿ ಮೈಸೂರು ಶೈಲಿಯ ಪಟಗಳನ್ನು ರಿಪೇರಿ ಮಾಡುತ್ತಿದ್ದೆ. ಎಂಬತ್ತರ ದಶಕದ ಕೊನೆಯಲ್ಲಿ ಸಿಡ್ನಿಗೆ ಹೋಗುವ ಫೆಲೋಶಿಪ್ ಬಂತು. ಇಟಲಿಯ ಆರಂಭಿಕ ನವೋದಯ ಕಾಲದ ಚಿತ್ರಗಳನ್ನು ಕೈಯಲ್ಲೇ ಹಿಡಿದು ಅಧ್ಯಯನ ಮಾಡುವ ಅವಕಾಶ ಅದು. ಐನೂರು ವರ್ಷ ಹಿಂದೆ ಮರದ ಹಲಗೆಗೆ ಬಿಳಿ ಲೇಪ ಕೊಟ್ಟು, ಚಿನ್ನದ ರೇಕು ಹಚ್ಚಿ, ಮೊಟ್ಟೆಯ ಹಳದಿಯಲ್ಲಿ ಬಣ್ಣ ಕಲಸಿ ಬರೆದ ಚಿತ್ರಗಳು. ಅಲ್ಲಿಯವರೆಗೆ ಅವನ್ನು ನಾನು ನೋಡಿದ್ದು ಲೈಬ್ರರಿ ಪುಸ್ತಕಗಳ ಮಸುಕು ಕಪ್ಪು-ಬಿಳುಪು ಫೋಟೋಗಳಲ್ಲಿ ಮಾತ್ರ. ಇಟಲಿಯದನ್ನು ಕಲಿಯಲು ಆಸ್ಟ್ರೇಲಿಯಾಕ್ಕೆ ಯಾಕೆ ಹೋಗಬೇಕು ಎಂದು ಎಲ್ಲರೂ ಕೇಳಿದರು. ಫೆಲೋಶಿಪ್ ಕೊಟ್ಟವರು ಆಸ್ಟ್ರೇಲಿಯಾದವರು, ಅದಕ್ಕೆ.

ಅಲ್ಲಿಯ ಸಂರಕ್ಷಣಾ ಲ್ಯಾಬಿನಲ್ಲಿ ನನ್ನ ಮೇಲಧಿಕಾರಿ ಜೋನ್ ಎಂಬವರು. ಎತ್ತರದ, ಒಣಕಲು ಹೆಂಗಸು. ಹೆಸರು ಹಿಡಿದೇ ಕರೆಯಿರಿ ಎಂದರು. ನನಗೆ ಬಾಯಿ ಬರಲಿಲ್ಲ, ಮೇಡಂ ಎಂದೇ ಕರೆದೆ. ಅವರದು ಒಂದು ಕಟ್ಟಳೆ. ಲ್ಯಾಬಿಗೆ ಬಂದ ಚಿತ್ರವನ್ನು ಮೊದಲು ಬೋರಲಾಗಿ ಮಲಗಿಸಬೇಕು. ಮೊದಲ ದಿನವೆಲ್ಲ ಅದರ ಬೆನ್ನನ್ನು ಮಾತ್ರ ನೋಡಬೇಕು.

"ಮುಖ ನೋಡಿದರೆ ಮರುಳಾಗ್ತೀರಿ ಶಾರದಾ. ಮರುಳಾದ ಮೇಲೆ ಪರೀಕ್ಷೆ ಮಾಡೋದಿಲ್ಲ, ವಕಾಲತ್ತು ಮಾಡ್ತೀರಿ."

ಮೊದಲ ವರ್ಷ ಒಬ್ಬ ಚಿತ್ರ ವ್ಯಾಪಾರಿ ಚಿನ್ನದ ಹಿನ್ನೆಲೆಯ ಸಂತನೊಬ್ಬನನ್ನು ತಂದ. ಬೆನ್ನು ತುಂಬ ಹುಳು ಕೊರೆದ ತೂತು. ನಾನು ಉತ್ಸಾಹದಿಂದ ಹೇಳಿದೆ, "ಹಳೆಯದೇ ಮೇಡಂ, ಹುಳು ತಿಂದಿದೆ." ಜೋನ್ ತಲೆ ಎತ್ತದೆ ಕೇಳಿದರು, "ತಿಂದದ್ದು ಯಾವಾಗ? ಬರೆಯೋ ಮೊದಲೋ, ಬರೆದ ಮೇಲೋ?" ಭೂತಗನ್ನಡಿ ಹಿಡಿದು ಅಂಚು ನೋಡಿದೆ. ಹುಳುವಿನ ಸುರಂಗಗಳು ಉದ್ದಕ್ಕೆ ಸೀಳಿದ್ದವು, ಒಳಗೆಲ್ಲ ಬಿಳಿ ಲೇಪ ತುಂಬಿತ್ತು. ಅಂದರೆ ಯಾರೋ ಹುಳು ತಿಂದ ಹಳೆಯ ತೊಲೆಯನ್ನು ಕುಯ್ದು, ಹಲಗೆ ಮಾಡಿ, ಅದರ ಮೇಲೆ ಬಿಳಿ ಬಳಿದು ಸಂತನನ್ನು ಬರೆದಿದ್ದರು. ಮರ ಹಳೆಯದು, ಸಂತ ಹೊಸಬ. ವ್ಯಾಪಾರಿ ಚಿತ್ರವನ್ನು ಎತ್ತಿಕೊಂಡು ಹೋಗುವಾಗ ನಮ್ಮಿಬ್ಬರಿಗೂ ಗುಡ್ ಡೇ ಸಹ ಹೇಳಲಿಲ್ಲ.

ಅದರ ನಂತರದ ವರ್ಷ ಮೆಲ್ಬರ್ನಿನಿಂದ ಒಂದು ಹಲಗೆ ಬಂತು. ತಾಯಿ ಮೇರಿ, ಮಡಿಲಲ್ಲಿ ಮಗು ಯೇಸು, ಹಿಂದೆ ಕಮಾನಿನ ಸಿಂಹಾಸನ, ಸುತ್ತ ಚಿನ್ನ. ಇಟಲಿಯಿಂದ ವಲಸೆ ಬಂದ ಒಂದು ಕುಟುಂಬ ತಮ್ಮ ಮನೆಯ ಈ ಪಟವನ್ನು ಕಂಬಳಿಯಲ್ಲಿ ಸುತ್ತಿ ಹಡಗಿನಲ್ಲಿ ತಂದು, ತಮ್ಮ ಸಬರ್ಬ್‌ನ ಸಣ್ಣ ಚರ್ಚಿಗೆ ಕೊಟ್ಟಿತ್ತು. ಅಲ್ಲಿಯ ಒಂದು ಸಂಗ್ರಹಾಲಯದವರ ಕಣ್ಣು ಅದರ ಮೇಲೆ ಬಿತ್ತು. ಬಿಷಪ್ಪರ ಕಚೇರಿ ಹೀಗೆ ತೀರ್ಮಾನಿಸಿತು: ಚಿತ್ರ ನಿಜವಾಗಿ ನವೋದಯ ಕಾಲದ್ದಾದರೆ ಸಂಗ್ರಹಾಲಯಕ್ಕೆ ಹೋಗಲಿ, ಈಚಿನ ನಕಲಾದರೆ ಚರ್ಚಿನಲ್ಲೇ ಇರಲಿ. ಬೇಕೆನ್ನುವವರೇ ಪರೀಕ್ಷೆ ಮಾಡಿದರೆ ನಂಬುವವರು ಯಾರು? ಅದಕ್ಕೆ ಹೊರಗಿನವರಾದ ನಮಗೆ ಕಳಿಸಿದರು.

ಹಲಗೆಯ ಜೊತೆ ಅಸುಂತಾ ಎಂಬ ವಯಸ್ಸಾದ ಹೆಂಗಸೂ ಬಂದರು. ಪಟ ತಂದ ಕುಟುಂಬದ ಮಗಳು. ಸಿಡ್ನಿಯಲ್ಲಿ ತಂಗಿಯ ಮನೆಯಲ್ಲಿ ಇಳಿದುಕೊಂಡು, ದಿನಾ ಬೆಳಿಗ್ಗೆ ನಾನು ಲ್ಯಾಬಿನ ಬಾಗಿಲು ತೆಗೆಯುವ ಮೊದಲೇ ಕಾರಿಡಾರಿನ ಬೆಂಚಿನ ಮೇಲೆ ಕಪ್ಪು ಕೋಟು ಹಾಕಿಕೊಂಡು ಕೂತಿರುತ್ತಿದ್ದರು. ನನ್ನನ್ನು ದೊತ್ತೊರೆಸ್ಸಾ ಎನ್ನುತ್ತಿದ್ದರು, ಅಂದರೆ ಡಾಕ್ಟರಮ್ಮ. ಅವರ ಇಂಗ್ಲಿಷೂ ನನ್ನ ಇಂಗ್ಲಿಷೂ ಎರಡೂ ವಲಸೆ ಬಂದವು, ಹಾಗಾಗಿ ಒಬ್ಬರ ಮಾತು ಒಬ್ಬರಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು.

"ಡಾಕ್ಟರಮ್ಮ, ಸಂಜೆ ಬಾಗಿಲು ಹಾಕುವಾಗ ಒಳಗೆ ದೀಪ ಇಟ್ಟು ಹೋಗ್ತೀರಾ? ಅವಳಿಗೆ ಕತ್ತಲೆ ಅಭ್ಯಾಸ ಇಲ್ಲ."

"ಬೆಳಕು ಬಣ್ಣಕ್ಕೆ ಒಳ್ಳೇದಲ್ಲ."

"ಬಣ್ಣದ ಮಾತು ಯಾರು ಆಡಿದ್ರು? ನಾನು ಅವಳ ಮಾತಾಡಿದ್ದು."

ಕೆಲವು ದಿನ ಕಳೆದ ಮೇಲೆ ಅವರು ನನ್ನ ಕೋಟಿನ ತೋಳು ಹಿಡಿದರು. "ಇದು ಸುಳ್ಳು ಚಿತ್ರ. ಸುಳ್ಳು ಅಂತ ಬರೆದುಬಿಡಿ."

"ಯಾಕೆ?"

"ಸುಳ್ಳಾದ್ರೆ ಮನೆಗೆ ಬರ್ತಾಳೆ."

ಈ ಕಸುಬಿನಲ್ಲಿ ಎಲ್ಲರೂ ತಮ್ಮ ವಸ್ತು ಅಸಲಿ ಎಂದು ಸಾಧಿಸಲು ಬರುತ್ತಾರೆ. ನಕಲಿ ಎನ್ನಿ ಎಂದು ಬೇಡಿದವರನ್ನು ಅದಕ್ಕೆ ಮೊದಲು ನಾನು ಕಂಡಿರಲಿಲ್ಲ. ನನ್ನ ಅನುಮಾನ ಇಮ್ಮಡಿಯಾಯಿತು. ಅಂದಿನಿಂದ ಊಟಕ್ಕೆ ಹೋಗುವಾಗಲೂ ಲ್ಯಾಬಿಗೆ ಬೀಗ ಹಾಕಿದೆ.

ಕತ್ತಲೆ ಕೋಣೆಯಲ್ಲಿ ನೇರಳಾತೀತ ದೀಪ ಹಿಡಿದಾಗ ಮಗುವಿನ ಪಾದ, ತಾಯಿಯ ಬಲಗೈ, ನಿಲುವಂಗಿಯ ಅಂಚು ಹಳದಿ ಹಸಿರಾಗಿ ಹೊಳೆದವು. ಆ ಹೊಳಪು ನನಗೆ ಮೈಸೂರಿನಿಂದಲೇ ಪರಿಚಯ. ಸತುವಿನ ಬಿಳಿ. ನವೋದಯ ಕಾಲದ ಯಾವ ಚಿತ್ರಗಾರನ ಹತ್ತಿರವೂ ಅದು ಇರಲಿಲ್ಲ.

"ಹೊಸ ಬಣ್ಣ," ಎಂದರು ಜೋನ್. "ಇನ್ನೇನು ಬೇಕು?"

"ಮುಖದ ಮೇಲೆ ಇಲ್ಲ ಮೇಡಂ. ಕಣ್ಣಿನ ಸುತ್ತ ಒಂದು ಚುಕ್ಕೆಯೂ ಇಲ್ಲ."

"ಓಹೋ. ಮುಖಕ್ಕೆ ಮರುಳಾದಿರಿ."

ನಮ್ಮಲ್ಲಿ ಎಕ್ಸ್‌ರೇ ಯಂತ್ರ ಇರಲಿಲ್ಲ. ನಾನಿದ್ದದ್ದು ವೆಸ್ಟ್‌ಮೀಡ್ ಸ್ಟೇಷನ್ನಿನ ಹತ್ತಿರ ಬಾಡಿಗೆ ಫ್ಲಾಟಿನಲ್ಲಿ. ಪಕ್ಕದ ಫ್ಲಾಟಿನಲ್ಲಿ ನಾಗರಾಜ, ಮಂಡ್ಯದ ಹುಡುಗ, ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವನು. ಜೋನ್ ಆಸ್ಪತ್ರೆಯವರ ಒಪ್ಪಿಗೆ ಪಡೆದರು. ಒಂದು ಭಾನುವಾರ ಬೆಳಿಗ್ಗೆ ಯಂತ್ರ ಖಾಲಿ ಇದ್ದಾಗ ಹಲಗೆಯನ್ನು ಕಾರಿನಲ್ಲಿ ಒಯ್ದೆವು. ಅಸುಂತಾ ತಾವೂ ಬರುತ್ತೇನೆಂದು ಹಟ ಹಿಡಿದು ಹಿಂದಿನ ಸೀಟಿನಲ್ಲಿ ಕೂತರು.

ನಾಗರಾಜ ಹಲಗೆಯನ್ನು ಮೇಜಿನ ಮೇಲೆ ಮಲಗಿಸಿಕೊಂಡ. "ಶಾರದಕ್ಕ, ಪೇಷಂಟ್ ಹೆಸರು?"

"ಮೇರಿ."

"ಏಜ್?"

"ಐನೂರು ಇರಬಹುದು, ಐವತ್ತೂ ಇರಬಹುದು. ಅದನ್ನ ಹೇಳ್ಲಿ ಅಂತಾನೇ ನಿನ್ನ ಹತ್ರ ತಂದಿರೋದು."

"ಹೆಂಗಸ್ರ ಏಜ್ ಹೇಳಿ ಬೈಸ್ಕೊಳ್ಳೋ ಕೆಲ್ಸ ನಂಗೇ ಬೇಕಿತ್ತಾ?" ಎಂದು ಎಲ್ಲರನ್ನೂ ಗಾಜಿನ ಆಚೆಗೆ ಕಳಿಸಿದ. ಗುಂಡಿ ಒತ್ತುವಾಗ ಅಭ್ಯಾಸಬಲದಿಂದ ಕೂಗಿದ, "ಬ್ರೀದ್ ಇನ್, ಹೋಲ್ಡ್!" ನನ್ನ ಪಕ್ಕದಲ್ಲಿ ಅಸುಂತಾ ನಿಜವಾಗಿಯೂ ಉಸಿರು ಬಿಗಿಹಿಡಿದು ಶಿಲುಬೆಯ ಗುರುತು ಮಾಡಿಕೊಂಡರು. ಅವನು ಬಿಡು ಎನ್ನುವವರೆಗೆ ಉಸಿರು ಬಿಡಲಿಲ್ಲ.

ಫಿಲ್ಮನ್ನು ದೀಪದ ಪೆಟ್ಟಿಗೆಯ ಮೇಲೆ ಸಿಕ್ಕಿಸಿದೆವು. ಹುಳುವಿನ ಸುರಂಗಗಳು ಕಪ್ಪಗೆ, ಖಾಲಿಯಾಗಿ, ಅಂಕುಡೊಂಕಾಗಿ ಹರಿದಿದ್ದವು. ಬಿಳಿ ಲೇಪ ಒಂದರಲ್ಲೂ ಇಳಿದಿರಲಿಲ್ಲ. ಇಲ್ಲಿ ಹುಳು ಬಂದದ್ದು ಚಿತ್ರ ಬರೆದ ಮೇಲೆ. ಮುಖಗಳು ಬೆಳ್ಳಗೆ ಗಟ್ಟಿಯಾಗಿ ಕಂಡವು, ಹಳೆಯವರು ಬಳಸುತ್ತಿದ್ದ ಸೀಸದ ಬಿಳಿ.

"ಬೋನ್ಸ್ ಎಲ್ಲಾ ಚೆನ್ನಾಗಿವೆ ಅಕ್ಕ," ಎಂದ ನಾಗರಾಜ. "ಆದ್ರೆ ಮಗೂಗೆ ಪಾದಾನೇ ಇಲ್ವಲ್ಲ? ಮೊದ್ಲಿಂದ ಬರೆದೇ ಇಲ್ವಾ, ಆಮೇಲೆ ಹೋಯ್ತಾ?"

ಪ್ರಶ್ನೆ ಸರಿಯಾಗಿತ್ತು. ಬರಿಗಣ್ಣಿಗೆ ಕಾಣುವ ಗುಲಾಬಿ ಪಾದ ಎಕ್ಸ್‌ರೇಯಲ್ಲಿ ಇರಲೇ ಇಲ್ಲ. ಸತುವಿನ ಬಿಳಿ ಸೀಸದಷ್ಟು ಎಕ್ಸ್‌ರೇ ತಡೆಯುವುದಿಲ್ಲ; ಅಲ್ಲಿ ಹಳೆಯ ಬಣ್ಣ ಇರಲಿಲ್ಲ.

ಮರುದಿನ ದೀಪವನ್ನು ಪಕ್ಕದಿಂದ ಓರೆಯಾಗಿ ಹಾಯಿಸಿದೆ. ಸಿಂಹಾಸನದ ಕಮಾನಿನ ಗೆರೆಗಳು ಲೇಪದೊಳಕ್ಕೆ ಗೀಚಿದ್ದು ಕಂಡಿತು, ಅರ್ಧವೃತ್ತದ ನಟ್ಟನಡುವೆ ಕೈವಾರದ ಮೊನೆ ಊರಿದ ಸಣ್ಣ ಗುಳಿ. ಆ ಕಾಲದ ಕುಶಲಿಗಳು ಕಟ್ಟಡಕ್ಕೂ ಚಿತ್ರಕ್ಕೂ ಒಂದೇ ರೀತಿ ಕೈವಾರ ಹಿಡಿಯುತ್ತಿದ್ದರು ಎಂದು ಪುಸ್ತಕದಲ್ಲಿ ಎಷ್ಟೋ ಸಲ ಓದಿದ್ದೆ. ಅಂದು ಆ ಗುಳಿಯನ್ನು ಭೂತಗನ್ನಡಿಯಲ್ಲಿ ನೋಡಿದಾಗ, ಯಾವನೋ ಒಬ್ಬ ಇಲ್ಲಿ ಮೊನೆ ಊರಿ ಕೈ ತಿರುಗಿಸಿದ್ದಾನೆ ಎಂಬುದು ಮೊದಲ ಸಲ ಮನಸ್ಸಿಗೆ ಇಳಿಯಿತು. ಕಲಿಯುವವರು ಇಂಥದ್ದನ್ನು ವಸ್ತುವಿನ ಎದುರೇ ನಿಂತು ಕಲಿಯಬೇಕು.

ಹಲಗೆ ಹಳೆಯದು, ಚಿತ್ರ ಹಳೆಯದು, ಬಣ್ಣ ಮಾತ್ರ ಅಲ್ಲಲ್ಲಿ ಹೊಸದು. ಹಾಗಾದರೆ ಯಾರು ಹಚ್ಚಿದರು, ಯಾಕೆ? ನನಗೆ ಬಂದ ಮೊದಲ ಯೋಚನೆ ಕೆಟ್ಟದ್ದು. ಸಂಗ್ರಹಾಲಯಕ್ಕೆ ಹೋಗದಿರಲಿ ಎಂದು ಈಚೆಗೆ ಯಾರೋ ಬೇಕೆಂದೇ ಹೊಸ ಬಣ್ಣ ಮೆತ್ತಿ ನಕಲಿಯಂತೆ ಕಾಣಿಸಿದ್ದಾರೆ. ಆ ಯಾರೋ ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದಾರೆ.

ಪಾದದ ಅಂಚಿನಿಂದ ಸಾಸಿವೆಗಿಂತ ಸಣ್ಣ ಚೂರು ತೆಗೆದು, ಅದರ ಅಡ್ಡ ಸೀಳನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟೆ. ಒಂದು ತೆಳು ಪದರ ಬಣ್ಣ, ಅದರ ಮೇಲೆ ಕರೀ ಮಸಿ. ಮತ್ತೆ ಬಣ್ಣ, ಮತ್ತೆ ಮಸಿ. ಹೀಗೆ ಒಂದರ ಮೇಲೊಂದು. ಮಸಿ ಮೇಣದ ಬತ್ತಿಯದು. ಒಂದೇ ಸಲ ಮೋಸಕ್ಕೆ ಮೆತ್ತಿದ ಬಣ್ಣವಾಗಿದ್ದರೆ ನಡುವೆ ಮಸಿ ಕೂರುತ್ತಿರಲಿಲ್ಲ. ಇದು ವರ್ಷವರ್ಷವೂ ನಡೆದ ಕೆಲಸ.

ಅಸುಂತಾರನ್ನು ಒಳಗೆ ಕರೆದು ಕೂರಿಸಿದೆವು. ನಾನೇ ಕೇಳಿದೆ, "ಬಣ್ಣ ಹಚ್ಚಿದ್ದು ಯಾರು?"

ಅವರು ಕೈಚೀಲದ ಬಾಯಿಯನ್ನು ತೆಗೆದರು, ಮುಚ್ಚಿದರು. "ಪೊಲೀಸರಿಗೆ ಹೇಳ್ತೀರಾ?"

"ಮೊದಲು ನಮಗೆ ಹೇಳಿ."

"ಹಬ್ಬದ ದಿನ ಎಲ್ಲರೂ ಅವಳ ಕೈಗೆ, ಬಟ್ಟೆ ಅಂಚಿಗೆ, ಮಗೂ ಕಾಲಿಗೆ ಮುತ್ತು ಕೊಡ್ತಾರೆ. ಊರಲ್ಲೂ ಕೊಡ್ತಿದ್ರು, ಇಲ್ಲೂ ಕೊಡ್ತಾರೆ. ಮುತ್ತು ಕೊಟ್ಟೂ ಕೊಟ್ಟೂ ಕಾಲೇ ಹೋಯ್ತು. ಹಬ್ಬಕ್ಕೆ ಮುಂಚೆ ನಮ್ಮಮ್ಮ ಬಣ್ಣ ಹಚ್ತಿದ್ಲು, ಅವಳಾದ ಮೇಲೆ ನಾನು. ಮಗೂನ ಬರೀ ಮರದ ಕಾಲಲ್ಲಿ ಹಬ್ಬಕ್ಕೆ ಕೂರಿಸೋಕಾಗುತ್ತಾ?"

ಇಲ್ಲಿ ನನ್ನ ವಿದ್ವತ್ತು ಮೇಲೆದ್ದಿತು. ನಮ್ಮ ಕಡೆ ಪೂಜೆಯ ಪಟಕ್ಕೆ ಬಣ್ಣ ಮಾಸಿದರೆ ಹೊಸದಾಗಿ ಹಚ್ಚುವುದನ್ನು ಯಾರೂ ಮೋಸ ಎನ್ನುವುದಿಲ್ಲ. ಆದರೆ ದೇವರ ಕಣ್ಣನ್ನು ಎಲ್ಲಕ್ಕಿಂತ ಕೊನೆಗೆ ಶಾಸ್ತ್ರೋಕ್ತವಾಗಿ ತೆರೆದ ಮೇಲೆ ಸುಮ್ಮನೆ ಮುಟ್ಟುವಂತಿಲ್ಲ. ಈ ಚಿತ್ರದಲ್ಲೂ ಕಣ್ಣು ಮಾತ್ರ ಮುಟ್ಟಿಲ್ಲವಲ್ಲ! ಭಕ್ತಿ ಎಲ್ಲ ಕಡೆಯೂ ಒಂದೇ ಕಟ್ಟಳೆ ಪಾಲಿಸುತ್ತದೆ ಎಂದು ನಾನು ವರದಿಯಲ್ಲಿ ಆಗಲೇ ಒಂದು ಪ್ಯಾರಾ ಬರೆದಿದ್ದೆ. ಅದನ್ನೆಲ್ಲ ಅಸುಂತಾರಿಗೆ ವಿವರಿಸಿ, "ಅದಕ್ಕೇ ತಾನೇ ನೀವು ಕಣ್ಣು ಮುಟ್ಟದೆ ಬಿಟ್ಟದ್ದು?" ಎಂದೆ.

ಅವರು ಮರ್ಯಾದೆಯಿಂದ ಕೊನೆಯವರೆಗೂ ಕೇಳಿಸಿಕೊಂಡರು. "ಹಾಗೇನಿಲ್ಲ ಡಾಕ್ಟರಮ್ಮ. ನಾನು ಮದುವೆ ಕೇಕಿನ ಮೇಲೆ ಹೂವು ಹಾಕೋ ಕೆಲಸದವಳು. ಗುಲಾಬಿ ಬರುತ್ತೆ, ಅಂಚು ಬರುತ್ತೆ. ಕಣ್ಣು ಬರಲ್ಲ. ಮಾಲುಗಣ್ಣು ಮಾಡಿಟ್ಟುಬಿಟ್ರೆ ಊರವರು ಸುಮ್ನೆ ಬಿಡ್ತಾರಾ?"

ಜೋನ್ ಜೋರಾಗಿ ನಕ್ಕದ್ದನ್ನು ಅಂದು ಮೊದಲು ಕಂಡೆ. ನಾನು ಪ್ಯಾರಾ ಹೊಡೆದು ಹಾಕಿದೆ. ಹೊಸಬರು ಇದನ್ನು ಗಮನಿಸಬೇಕು. ಬೇರೆಯವರ ವಸ್ತುವಿನಲ್ಲಿ ನಮ್ಮ ಮನೆಯ ಪದ್ಧತಿ ಕಂಡು ಖುಷಿಯಾದರೆ, ಆ ಖುಷಿಯ ಮೇಲೆ ಇನ್ನೊಂದು ಸಲ ದೀಪ ಹಿಡಿಯಬೇಕು.

ನಗು ನಿಂತ ಮೇಲೆ ಅಸುಂತಾ ಕೇಳಿದರು, "ಈಗ ಏನು ಬರೀತೀರಿ?"

"ಚಿತ್ರ ಹಳೆಯದು ಅಂತ."

"ಅದು ನನಗೆ ಗೊತ್ತಿತ್ತು. ನೀವು ಬರೆದ್ರೆ ಅವಳು ಹೋಗ್ತಾಳೆ."

ವರದಿ ಬರೆಯುವುದು ನನ್ನ ಕೆಲಸ, ಬರೆದೆ. ಆದರೆ ಕಳಿಸುವ ಮೊದಲು ನಿಯಮದಂತೆ ಬೆನ್ನಿನ ಬಿರುಕನ್ನು ಮತ್ತೊಮ್ಮೆ ನೋಡಿದೆ. ಹಲಗೆ ಬಂದ ದಿನ ಬಿರುಕಿನ ತುದಿಯನ್ನು ಅಳತೆಪಟ್ಟಿ ಇಟ್ಟು ಫೋಟೋ ತೆಗೆದಿದ್ದೆ. ಈಗ ಅದು ಮುಂದಕ್ಕೆ ಹೋಗಿತ್ತು. ಅದರ ನೇರಕ್ಕೆ ಮುಂಬದಿಯಲ್ಲಿ ಚಿನ್ನವೂ ಕೊಂಚ ಎದ್ದಿತ್ತು. ಮೆಲ್ಬರ್ನಿನ ಆ ತೇವದ, ತಣ್ಣನೆಯ ಚರ್ಚಿಗೆ ಒಗ್ಗಿದ್ದ ಮರ ನಮ್ಮ ಲ್ಯಾಬಿನ ಒಣ ಗಾಳಿಗೆ ಕುಗ್ಗುತ್ತಿತ್ತು. ಸಂಗ್ರಹಾಲಯದ ಗಾಳಿಯೂ ನಮ್ಮದರ ಹಾಗೇ ಒಣ. ಇದ್ದ ಜಾಗದಿಂದ ಕದಲಿಸದಿರುವುದೇ ಚಿತ್ರಕ್ಕೆ ಕ್ಷೇಮ ಎಂದು ವರದಿಗೆ ಸೇರಿಸಿದೆ.

ಜೋನ್ ಓದಿ ಕನ್ನಡಕ ತೆಗೆದರು. "ಇದು ಮರ ಹೇಳಿದ್ದೋ, ಆ ಹೆಂಗಸಿನ ಕಣ್ಣೀರು ಹೇಳಿದ್ದೋ?"

"ಅವರು ಅತ್ತಿಲ್ಲ ಮೇಡಂ."

"ನಾನು ಕೇಳಿದ್ದಕ್ಕೆ ಉತ್ತರ ಕೊಡಿ."

ಎರಡು ಫೋಟೋಗಳನ್ನು ಅವರ ಮುಂದಿಟ್ಟೆ. ಅವರು ನನ್ನನ್ನು ನಂಬಲಿಲ್ಲ. ತಾವೇ ಹಲಗೆಯ ಬೆನ್ನಿಗೆ ಭೂತಗನ್ನಡಿ ಹಿಡಿದು ಬಹಳ ಹೊತ್ತು ನಿಂತರು. ಆಮೇಲೆ ಕೆಳಗೆ ತಮ್ಮ ಸಹಿ ಹಾಕಿದರು. ನನಗೆ ಬೇಸರವಾಗಲಿಲ್ಲ. ನಂಬಿ ಸಹಿ ಹಾಕಿದ್ದರೆ ಬೇಸರವಾಗುತ್ತಿತ್ತು.

ಬಿಷಪ್ಪರ ಕಚೇರಿ ಚರ್ಚು, ಸಂಗ್ರಹಾಲಯ, ನಾವು ಹೀಗೆ ಮೂರೂ ಕಡೆಯವರನ್ನು ಕೂರಿಸಿ ಒಪ್ಪಂದ ಮಾಡಿತು. ಚಿತ್ರ ಚರ್ಚಿನಲ್ಲೇ ಗಾಜಿನ ಪೆಟ್ಟಿಗೆಯೊಳಗೆ ಇರಬೇಕು. ಮುತ್ತು ಕೊಡುವವರು ಗಾಜಿಗೆ ಕೊಡಲಿ. ವರ್ಷಕ್ಕೊಮ್ಮೆ ನಮ್ಮ ಕಡೆಯಿಂದ ತಪಾಸಣೆ. ಇನ್ನು ಮುಂದೆ ಯಾರಾದರೂ ಬಣ್ಣ ಹಚ್ಚಿ ಅದಕ್ಕೆ ಹಾನಿಯಾದರೆ ಚಿತ್ರ ಸಂಗ್ರಹಾಲಯಕ್ಕೆ. ಹಳೆಯ ಮೇಲ್ಬಣ್ಣವನ್ನೆಲ್ಲ ನಾನೇ ಒಂದೊಂದು ಪದರವಾಗಿ ತೆಗೆದೆ. ಪಾದ ಇದ್ದ ಕಡೆ ನಯವಾದ ಬರಿ ಮರ ಉಳಿಯಿತು, ತುಟಿಗಳು ತೀಡಿ ತೀಡಿ ಹೊಳಪು ಬಂದದ್ದು.

ತೊಂಬತ್ತರ ದಶಕದಲ್ಲಿ ನಾನು ಮೆಲ್ಬರ್ನಿಗೆ ಕೆಲಸ ಬದಲಿಸಿದೆ. ಆ ವರ್ಷಗಳಲ್ಲಿ ಕಸುಬೇ ಬದಲಾಯಿತು. ಫಿಲ್ಮ್ ಹೋಗಿ ಕಂಪ್ಯೂಟರ್ ಬಂತು. ಬಣ್ಣದ ಚೂರು ತೆಗೆಯದೆಯೇ ಅ‌ದರಲ್ಲಿ ಯಾವ ಲೋಹ ಇದೆ ಎಂದು ಹೇಳುವ ಉಪಕರಣಗಳು ಬಂದವು. ಪರದೆಯ ಮೇಲೆ ಗೆರೆ ಮೂಡಿದ ಕೂಡಲೇ ಹುಡುಗರು ತೀರ್ಪು ಕೊಡತೊಡಗಿದರು. ಸತು ಇದೆ, ಆದ್ದರಿಂದ ನಕಲಿ. ಸತು ಯಾಕಿದೆ ಎಂದು ಕೇಳಿದರೆ ಪರದೆಯನ್ನೇ ನೋಡುತ್ತಿದ್ದರು.

ಚರ್ಚಿನ ತಪಾಸಣೆಗೆ ಮಾತ್ರ ಪ್ರತಿ ವರ್ಷವೂ ಹಬ್ಬದ ಹೊತ್ತಿಗೆ ನಾನೇ ಹೋದೆ. ಗಾಜಿನ ಪೆಟ್ಟಿಗೆಯ ಬೀಗದ ಕೈ ಪಾದ್ರಿಗಳ ಹತ್ತಿರ ಇರುತ್ತದೆ ಎಂದಿದ್ದರು, ಆದರೆ ಪ್ರತಿ ಸಲವೂ ಅದು ಅಸುಂತಾರ ಕೋಟಿನ ಜೇಬಿನಿಂದಲೇ ಹೊರಬರುತ್ತಿತ್ತು. ಅದನ್ನು ನಾನು ಗಮನಿಸಿದೆ. ಅವರು ಕಿಟಕಿಗಳಿಗೆ ಪರದೆ ಎಳೆದು ಗೊಣಗುತ್ತಿದ್ದರು, "ಕಳ್ಳರನ್ನ ಹುಡುಕೋ ಹಾಗೆ ಹುಡುಕ್ತೀರಿ." ನಾನು ನೇರಳಾತೀತ ದೀಪ ಹಾಯಿಸುತ್ತಿದ್ದೆ. ಪಾದದ ಜಾಗ ಹೊಳೆಯದೆ ಕಪ್ಪಗೆ ಇರುತ್ತಿತ್ತು. ಅವರು ಬೀಗ ಹಾಕುತ್ತಿದ್ದರು.

ಒಂದು ವರ್ಷ ಅವರು ಕೋಲು ಹಿಡಿದು ಬಂದರು. ಪರದೆ ಎಳೆಯುವಾಗ ಗೊಣಗಲಿಲ್ಲ. ದೀಪ ಹಿಡಿದೆ. ಕತ್ತಲೆಯಲ್ಲಿ ಐದು ಚುಕ್ಕೆಗಳು ಹಳದಿ ಹಸಿರಾಗಿ ಹೊಳೆದವು. ಐದು ಕಾಲ್ಬೆರಳು.

ನಾನು ದೀಪ ಆರಿಸಲಿಲ್ಲ. "ಇದೇನು?"

"ಬೆರಳು ಮಾತ್ರ," ಎಂದರು. "ಕೈ ನಡುಗುತ್ತೆ, ಇಡೀ ಪಾದ ಬರಲಿಲ್ಲ."

"ಒಪ್ಪಂದ ಏನಿದೆ ಗೊತ್ತಲ್ಲ? ಅವಳನ್ನ ತಗೊಂಡು ಹೋಗ್ತಾರೆ."

"ಗೊತ್ತು." ಕೋಲನ್ನು ಗೋಡೆಗೆ ಒರಗಿಸಿದರು. "ಬರೋ ಹಬ್ಬಕ್ಕೆ ನಾನು ಇರ್ತೀನೋ ಇಲ್ವೋ. ಬರಿಗಾಲು ನೋಡಿ ಹೋಗೋಕೆ ಮನಸ್ಸು ಬರಲಿಲ್ಲ."

ಮುಟ್ಟಿ ನೋಡಿದೆ. ಬಣ್ಣ ಇನ್ನೂ ಹಸಿ ಇತ್ತು. ಮರದೊಳಕ್ಕೆ ಇಳಿದಿರಲಿಲ್ಲ, ಸುತ್ತಲಿನ ಹಳೆಯ ಬಣ್ಣಕ್ಕೂ ತಾಗಿರಲಿಲ್ಲ. ನನ್ನ ಸಲಕರಣೆ ಪೆಟ್ಟಿಗೆಯಿಂದ ಕಡ್ಡಿ ತೆಗೆದು, ಹತ್ತಿ ಸುತ್ತಿ, ಬಣ್ಣ ಕರಗಿಸುವ ದ್ರವದಲ್ಲಿ ಅದ್ದಿ, ಹಿಂಡಿದೆ. ನನ್ನ ಕೈ ಚಾಚಿತು, ಆಮೇಲೆ ನಿಂತಿತು. ಕಡ್ಡಿಯನ್ನು ಅಸುಂತಾರ ಕೈಗೆ ಕೊಟ್ಟು, ನಡುಗದ ಹಾಗೆ ಅವರ ಮಣಿಕಟ್ಟನ್ನು ಕೆಳಗಿನಿಂದ ಹಿಡಿದುಕೊಂಡೆ.

"ಉಜ್ಜಬೇಡಿ. ಉರುಳಿಸಿ."

ಅವರು ಒಂದೊಂದೇ ಬೆರಳನ್ನು ಒರೆಸಿದರು, ಆಡಿ ಬಂದ ಮಗುವಿನ ಕಾಲು ಒರೆಸುವ ಹಾಗೆ. ಪ್ರತಿ ಬೆರಳಿಗೂ ನಾನು ಹೊಸ ಹತ್ತಿ ಕೊಟ್ಟೆ. ಮುಗಿದ ಮೇಲೆ ತಮ್ಮ ಭಾಷೆಯಲ್ಲಿ ಏನೋ ಅಂದರು. ಏನೆಂದು ಕೇಳಿದೆ.

"ಚಳಿಯಾಗುತ್ತೆ ಅಂದೆ."

ನಡೆದದ್ದನ್ನು ನಡೆದಂತೆ ವರದಿಯಲ್ಲಿ ಬರೆದೆ. ಹೊಸ ಬಣ್ಣ ಕಂಡಿತು, ತೆಗೆಯಲಾಯಿತು, ಮೂಲಕ್ಕೆ ಹಾನಿ ಇಲ್ಲ. ವರದಿಗೆ ಈಗಲೂ ಸಿಡ್ನಿಯಿಂದ ಜೋನ್ ಅವರ ಸಹಿ ಬೇಕಿತ್ತು. ಅವರು ಫೋನ್ ಮಾಡಿದರು.

"ತೆಗೆದದ್ದು ಯಾರು ಅಂತ ಬರೆದಿಲ್ಲ."

"ಹಚ್ಚಿದವರೇ ತೆಗೆದರು ಮೇಡಂ."

"ನೀವು ನೋಡ್ತಾ ನಿಂತಿದ್ರಾ?"

"ಕೈ ಹಿಡಿದುಕೊಂಡಿದ್ದೆ."

"ಹಾಗಾದರೆ ಅದನ್ನೂ ಬರೆಯಿರಿ. ಒಪ್ಪಂದದಲ್ಲಿ ಹಾನಿಯಾದರೆ ಅಂತ ಇದೆ. ಹಾನಿಯಾಗಿಲ್ಲ ಅಂತ ನಾನು ಸಹಿ ಹಾಕ್ತೀನಿ. ಆದರೆ ಆ ಬೀಗದ ಕೈ ನಿಮ್ಮ ಹತ್ತಿರ ಇರಲಿ."

ಬೀಗದ ಕೈ ತೆಗೆದುಕೊಂಡೆ. ಅಸುಂತಾ ಕೋಟಿನ ಜೇಬಿನಿಂದ ತೆಗೆದು ಕೊಟ್ಟರು. ಮುಂದಿನ ಹಬ್ಬಕ್ಕೂ ಅವರು ಇದ್ದರು. ಕೋಲೂರಿ ನನ್ನ ಪಕ್ಕದಲ್ಲೇ ನಿಂತರು. ಪರದೆ ಎಳೆದು ದೀಪ ಹಾಯಿಸಿದೆ. ಪಾದ ಕಪ್ಪಗಿತ್ತು.

"ಸಮಾಧಾನ ಆಯ್ತಾ ಡಾಕ್ಟರಮ್ಮ?" ಎಂದು ನಕ್ಕರು.

ಎಲ್ಲಾದರೂ ಹೊಸ ಬಣ್ಣ ಅಂಟಿದೆಯೇ ಎಂದು ನಾನು ಅವರ ಉಗುರುಗಳ ಸಂದಿಗೂ ಒಮ್ಮೆ ದೀಪ ಹಾಯಿಸಿ ನೋಡಿ, ಆಮೇಲೆ ಗಾಜು ಮುಚ್ಚಿದೆ.